ಕೇಳದೇ ಹೋದ ಪಾಸ್‌ವರ್ಡ್

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ದಾಸನಕೊಪ್ಪದಿಂದ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಓದಿದೆ. ಮುಂದೆ ಶಿರಸಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ಕೆಲಸ ಸಿಕ್ಕಿತು. ಅಲ್ಲಿನ ಲೈಬ್ರರಿಗೆ ಮೊದಲ ವೈಫೈ ಹಾಕಿದವನೂ ನಾನೇ. ಆ ಹೆಮ್ಮೆಯನ್ನು ಈಗಲೂ ಮುಚ್ಚಿಡುವುದಿಲ್ಲ.

ವೈಫೈಗೆ ಬೀಗ ಹಾಕುವ ಆಗಿನ ವೆಪ್ ಪದ್ಧತಿಯಲ್ಲಿ ಪಾಸ್‌ವರ್ಡಿಗೆ ಸರಿಯಾಗಿ ಹದಿಮೂರು ಇಂಗ್ಲಿಷ್ ಅಕ್ಷರ ಬೇಕಿತ್ತು. ನಮ್ಮೂರಿನ ಹೆಸರು ಹೊಡೆದೆ, ಹನ್ನೊಂದೇ ಆಯಿತು. ಪಕ್ಕದಲ್ಲಿ ನಿಂತಿದ್ದ ಲೈಬ್ರರಿಯನ್ ನಕ್ಕರು. ಹುಲೇಕಲ್ ಕಡೆಯವರು.

“ಎಂತ ಮಾರಾಯ್ರೆ, ನಿಮ್ಮೂರು ಸಾಲ್ತೇ ಇಲ್ಯಲ!”

“ನಿಮ್ಮೂರಿಂದ ಎರಡಕ್ಷರ ಕೊಡ್ರಿ ಮತ್ತ.”

“ತಗಳಿ. ಕೇಳಲೆ ಒಂಚೂರೂ ನಾಚ್ಕೆ ಇಲ್ಲೆ ನಿಮ್ಗೆ.”

“ಕೇಳಿದ್ರ ಏನ್ ನಾಚ್ಕಿ ರೀ?”

“ಯಂಗಳ ಬದಿಗೆ ಹಂಗೆಲ್ಲ ಕೇಳದಿಲ್ಲೆ. ಬಂದವ್ರು ಬಾಯಾರಿ ಕೂತಿದ್ರೂ, ಕುಡಿಯಲೆ ಎಂತ ಬೇಕು ಹೇಳಿ ಮನೆಯವ್ರೇ ಕೇಳವು.” ಮನೆಯವರೇ ಮೊದಲು ಕೇಳಬೇಕು ಅನ್ನುವುದು ಅವರ ಕಡೆಯ ವಾಡಿಕೆಯಂತೆ.

ಎರಡು ವರ್ಷದ ಮೇಲೆ ಅವರು ಸಿದ್ದಾಪುರದ ಕಾಲೇಜಿಗೆ ಹೋದರು. ಶನಿವಾರ ಊರಿಗೆ ಹೊರಟಾಗ ಶಿರಸಿಯಲ್ಲಿ ಬಸ್ಸು ಬದಲಿಸಬೇಕು. ನಡುವಿನ ಅರ್ಧ ಗಂಟೆ ನಮ್ಮ ಲೈಬ್ರರಿಯ ಹೊರಗಿನ ಕಲ್ಲುಬೆಂಚಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆಯುತ್ತಿದ್ದರು. ಅದು ತಾನಾಗಿ ನಮ್ಮ ವೈಫೈ ಹಿಡಿಯುತ್ತಿತ್ತು. ಒಳಗೆ ನನ್ನ ಮೇಜಿನ ಮೇಲಿನ ಪರದೆಯಲ್ಲಿ, ವೈಫೈ ಹಿಡಿದವರ ಪಟ್ಟಿಯಲ್ಲಿ ಅದರ ಹೆಸರು ಮೂಡುತ್ತಿತ್ತು. ನಾನು ಹೊರಗೆ ಬಂದು “ಬಂದ್ರೇನ್ರಿ?” ಅನ್ನುತ್ತಿದ್ದೆ. ವಾರಕ್ಕೆ ಅಷ್ಟು ಸಾಕಾಗುತ್ತಿತ್ತು. ಸಾಕು ಅಂದುಕೊಂಡಿದ್ದೆ.

ಆಮೇಲೆ ಯಾರೋ ವೆಪ್ ಒಡೆದು ಒಳನುಗ್ಗಿದರು. ಪ್ರಿನ್ಸಿಪಾಲರ ಆಜ್ಞೆಯಂತೆ ಅದಕ್ಕಿಂತ ಗಟ್ಟಿಯಾದ ಹೊಸ ಡಬ್ಲ್ಯುಪಿಎ ಪದ್ಧತಿಗೆ ಬದಲಿಸಿ ಬೇರೆ ಪಾಸ್‌ವರ್ಡ್ ಇಟ್ಟೆ. ಅವರಿಗೊಂದು ಮೆಸೇಜ್ ಹಾಕಿದ್ದರೆ ಮುಗಿಯುತ್ತಿತ್ತು. ಹಾಕಲಿಲ್ಲ. ಒಳಗೆ ಬಂದು ಕೇಳಲಿ, ನನ್ನ ಮೇಜಿನೆದುರು ಐದು ನಿಮಿಷ ಕೂರಲಿ ಎಂಬ ಆಸೆ. ಅವರು ಕೇಳುವ ಪೈಕಿಯಲ್ಲ ಎಂದು ಗೊತ್ತಿತ್ತು. ನನಗಾಗಿ ಒಮ್ಮೆ ಕೇಳಲಿ ಎಂಬ ಹಟ.

ಶನಿವಾರ ಬಂದರು, ಕೂತರು. ನನ್ನ ಪರದೆಯಲ್ಲಿ ಅವರ ಲ್ಯಾಪ್‌ಟಾಪ್ ಮೂರು ಸಲ ಬಾಗಿಲು ಬಡಿದು ಸೋತದ್ದು ಕಂಡಿತು. ಅವರು ಒಮ್ಮೆ ಕತ್ತೆತ್ತಿ ನನ್ನ ಕಿಟಕಿಯತ್ತ ನೋಡಿದರು. ನಾನು ಎದುರಿನ ಕುರ್ಚಿ ಸರಿಮಾಡಿ ಕಾದೆ. ಅವರು ಲ್ಯಾಪ್‌ಟಾಪ್ ಮಡಚಿ ಹುಲೇಕಲ್ ಬಸ್ಸಿಗೆ ನಡೆದರು. ಮತ್ತೆ ಆ ಬೆಂಚಿಗೆ ಬರಲಿಲ್ಲ.

ಈಗ ಪ್ರತಿ ವರ್ಷ ಪಾಠ ಮಾಡುತ್ತೇನೆ: ಡಬ್ಲ್ಯುಪಿಎಯಲ್ಲಿ ಪಾಸ್‌ವರ್ಡ್ ಎಂಬ ಗುಟ್ಟು ಗಾಳಿಯಲ್ಲಿ ಹೋಗುವುದೇ ಇಲ್ಲ. ಇಬ್ಬರಿಗೂ ಅದು ಗೊತ್ತಿದೆಯೆಂದು ಪರಸ್ಪರ ಖಾತ್ರಿಯಾದರೆ ಸಾಕು. ಆದರೆ ಬಂದವರು ಹೊಸಿಲಲ್ಲಿ ನಿಂತ ಮೇಲೆ ಮೊದಲ ಮಾತು ಒಳಗಿನ ವೈಫೈ ಪೆಟ್ಟಿಗೆಯೇ ಆಡಬೇಕು.

“ಅದು ಸುಮ್ನಿದ್ರೆ ಸರ್?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

“ಬಂದವರು ಸ್ವಲ್ಪ ಹೊತ್ತು ಕಾದು ಹೋಗ್ತಾರೆ” ಎಂದೆ. ಅವಳು ಬರೆದುಕೊಂಡಳು.