ಫರಂಗೀಸಳ ಕುರ್ಚಿಯಿಂದ ಅರ್ಧಕ್ಕೆ ಎದ್ದವಳು

ಫರಂಗೀಸಳ ಅಂಗಡಿಯಲ್ಲಿ ದಾರದಿಂದ ಹುಬ್ಬು ತೆಗೆಸಿಕೊಳ್ಳಲು ಕೂತವರಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ತಲೆಯನ್ನು ಹಿಂದಕ್ಕೆ ಒರಗಿಸಿ, ಎರಡೂ ಕೈಯಿಂದ ಹಣೆಯ ಚರ್ಮ ಎಳೆದು ಹಿಡಿದು, ಕಣ್ಣು ಮುಚ್ಚಿ ಕೂರಬೇಕು. ನಡುವೆ ಬಾಯಿ ಬಿಟ್ಟರೆ ಹುಬ್ಬು ಸೊಟ್ಟಗಾಗುತ್ತದೆ. ಅವಳ ಊರಾದ ಇರಾನಿನ ಕೆರ್ಮಾನ್‌ಶಾಹ್‌ನಲ್ಲಿ ಈ ಕೆಲಸ ಮಾಡುವ ಹೆಂಗಸರು ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಾರೆ. ಫರಂಗೀಸ್ ಮಾತ್ರ ಅದನ್ನು ಕುತ್ತಿಗೆಗೆ ಸುತ್ತಿಕೊಳ್ಳುತ್ತಿದ್ದಳು. ಕಾದಂಬರಿಯ ವಿಷಯ ಮಾತಾಡಲು ಬಾಯಿ ಖಾಲಿ ಇರಬೇಕಲ್ಲ!

"ಈ ಪುಸ್ತಕ ಓದಿದ್ಯಾ? ಅಹ್ವಾಜ್‌ನಲ್ಲಿ ಟ್ಯಾಕ್ಸಿ ಓಡಿಸೋ ಹೆಂಗಸಿನ ಕತೆ. ಅಲ್ಲಾಡ್ಬೇಡ. ಗಂಡ ಸತ್ತ ಅಂತ ಊರೆಲ್ಲ ಅಳ್ತಿದ್ರೆ ಇವಳಿಗೆ ನಗು ತಡ್ಕೊಳಕ್ಕಾಗಲ್ಲ. ಅಲ್ಲಾಡ್ಬೇಡ ಅಂದ್ನಲ್ಲೇ! ಹೋಗ್ತಾ ತಗೊಂಡು ಹೋಗು. ಓದದೆ ವಾಪಸ್ ತಂದ್ರೆ ಮೀಸೆ ತೆಗೆಯಲ್ಲ ನೋಡು."

ಗೊಥೆನ್‌ಬರ್ಗ್ ಪಟ್ಟಣದ ಇರಾನಿ ಹೆಂಗಸರಲ್ಲಿ ಅರ್ಧದಷ್ಟು ಜನ ಹೊಸ ಕಾದಂಬರಿಗಳನ್ನು ಓದಿದ್ದು ಹೀಗೆ, ಮೀಸೆಯ ಭಯಕ್ಕೆ.

ಅವಳೂ ಕಾದಂಬರಿಗಾರ್ತಿಯೇ. ಊರು ಬಿಟ್ಟು ಸ್ವೀಡನ್ನಿಗೆ ಬಂದು ಅರ್ಧ ಆಯುಸ್ಸು ಕಳೆದಿತ್ತು. ಇಲ್ಲಿ ಕೂತು ತನ್ನ ಪಾರ್ಸಿ ಭಾಷೆಯಲ್ಲಿ ನಾಲ್ಕು ಕಾದಂಬರಿ ಬರೆದಿದ್ದಳು. ಆದರೆ ಕುರ್ಚಿಯಲ್ಲಿ ಕೂತವರಿಗೆ ತನ್ನ ಪುಸ್ತಕದ ಹೆಸರನ್ನು ಒಂದು ದಿನವೂ ಹೇಳಿದವಳಲ್ಲ. ಕೇಳಿದರೆ, "ನಮ್ಮ ಕಲ್ಲಂಗಡಿ ಸಿಹಿ ಅಂತ ಕೂಗೋಕೆ ನಾನೇನು ಗಾಡಿ ನಿಲ್ಸಿದೀನಾ?" ಎಂದು ಬಿಡುತ್ತಿದ್ದಳು.

ಒಮ್ಮೆ ಗೊಥೆನ್‌ಬರ್ಗಿನ ಪತ್ರಿಕೆಯಿಂದ ಒಬ್ಬ ಸ್ವೀಡಿಷ್ ಹುಡುಗಿ ಬಂದಳು. ನಿಮ್ಮ ದೇಶದ ಇವತ್ತಿನ ಕಾದಂಬರಿಗಳಲ್ಲಿ ಓದಲೇಬೇಕಾದವು ಯಾವುವು ಎಂದು ಕೇಳಿದಳು. ಫರಂಗೀಸ್ ಸಡಗರದಿಂದ ಚಹಾ ಕೊಟ್ಟು ಕೂರಿಸಿ, ಟ್ಯಾಕ್ಸಿಯವಳ ಕತೆ ಹೇಳಿದಳು. ಪ್ರತಿ ಮಹಡಿಯ ಜಗಳ ಕೇಳಿಸಿಕೊಳ್ಳುವ ಲಿಫ್ಟ್ ರಿಪೇರಿಯವನ ಕತೆ ಹೇಳಿದಳು. ಅಪ್ಪ ಸತ್ತ ಮೇಲೆ ಅವನ ಪಾರಿವಾಳಗಳಿಗಾಗಿ ಕಿತ್ತಾಡುವ ಅಕ್ಕತಂಗಿಯರ ಕತೆ ಹೇಳಿದಳು. ಹುಡುಗಿ ಪೆನ್ನು ಕಚ್ಚುತ್ತಾ, "ಜೈಲಿನದ್ದು ಯಾವುದೂ ಇಲ್ವಾ? ತಪ್ಪಿಸಿಕೊಂಡು ಓಡಿ ಬರೋದು?" ಅಂದಳು.

"ಕೊನೇಲಿ ಪಾರಿವಾಳ ಓಡಿ ಹೋಗುತ್ತೆ, ಸಾಕಾ?" ಅಂದಳು ಫರಂಗೀಸ್.

ಪತ್ರಿಕೆಯಲ್ಲಿ ಅವಳು ದಾಳಿಂಬೆ ಹಿಡಿದ ಚಿತ್ರ ಬಂತು. ಒಂದೇ ಒಂದು ಪುಸ್ತಕದ ಹೆಸರಿಲ್ಲ! ಹೊರಗಿನವರಿಗೆ ಇರಾನಿಗಳ ಕಣ್ಣೀರು ಬೇಕು, ನಗು ಬೇಡ. ಹೋಗಲಿ, ಅವರು ಹೊರಗಿನವರು. ತನ್ನವರೇನು ಕಡಿಮೆಯೇ? ಇಲ್ಲಿನ ಇರಾನಿ ಸಂಘದ ಕೂಟದಲ್ಲಿ ಚಹಾ ಬಗ್ಗಿಸುವ ಮೊದಲೇ ಸತ್ತ ಕವಿಗಳ ಪದ್ಯ ಬಾಯಿಪಾಠ ಒಪ್ಪಿಸುತ್ತಾರೆ, ತಲೆದೂಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಬದುಕಿರುವವಳು ಬರೆದ ಪುಸ್ತಕವನ್ನು ಕೈಗೆ ಕೊಟ್ಟರೆ ಮಾತ್ರ ಇವರ ಕನ್ನಡಕ ಮನೆಯಲ್ಲೇ ಮರೆತುಹೋಗಿರುತ್ತದೆ. ಓದಿಸಿಕೊಳ್ಳಬೇಕಾದರೆ ಬರೆದವರು ಸಾಯಲೇಬೇಕೇ? ಇದೆಂಥ ಅನ್ಯಾಯ!

ಆ ಚಳಿಗಾಲದಲ್ಲಿ ಅಂಚೆಯಲ್ಲಿ ಬಂದ ಪುಸ್ತಕ 'ಕಿಟಕಿಯ ಹೊರಗಿನ ಪಾಠ'. ಬರೆದವಳು ಶಕೀಬಾ, ಪಕ್ಕದ ಬೊರೋಸ್ ಪಟ್ಟಣದಲ್ಲಿ ಬಸ್ಸು ಓಡಿಸುವ ಹುಡುಗಿ. ಅಫ್ಘಾನಿಸ್ತಾನದಿಂದ ಓಡಿಬಂದ ತಂದೆತಾಯಿಗೆ ಇರಾನಿನ ಮಶ್ಹದ್ ನಗರದಲ್ಲಿ ಹುಟ್ಟಿದವಳು. ಅಲ್ಲೇ ಬೆಳೆದರೂ ಕಾಗದಪತ್ರ ಇಲ್ಲ ಎಂದು ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಬೇಯಿಸಿದ ಅವರೆ ಮಾರುವ ನೆಪದಲ್ಲಿ ಶಾಲೆಯ ಕಿಟಕಿಯ ಕೆಳಗೆ ನಿಂತು ಪಾಠ ಕೇಳುತ್ತಿದ್ದ ಮಗುವಿನ ಕತೆ ಅದು. ತಾಯಿ ಮನೆಮನೆಯ ನೆಲ ಒರೆಸುತ್ತಾಳೆ. ಫರಂಗೀಸ್ ಒಂದೇ ಪಟ್ಟಿಗೆ ಓದಿ ಮುಗಿಸಿ, ಪುಸ್ತಕದ ಬೆನ್ನು ಸವರಿ, "ಅಯ್ಯೋ ನನ್ನ ತಾಯಿ, ಇಷ್ಟು ದಿನ ಎಲ್ಲಿದ್ಯೇ?" ಅಂದಳು.

ಆಮೇಲೆ ಕುರ್ಚಿಗೆ ಬಂದವರಿಗೆಲ್ಲ ಅದೇ. ಓದಿದವರು ಅತ್ತರು. ಸಂಘದ ಅಧ್ಯಕ್ಷ ಇಂಜಿನಿಯರ್ ಇರಜರ ಹೆಂಡತಿ ಮಹೀನ್ ಅಂತೂ ಪುಸ್ತಕ ವಾಪಸು ಕೊಡುವಾಗ ಫರಂಗೀಸಳ ಕೈ ಹಿಡಿದು ಬಿಕ್ಕಿದ್ದಳು.

ಪ್ರತಿ ವರ್ಷ ಸಂಘದ ನೌರೋಜ್ ಸಂಜೆಯಲ್ಲಿ, ಹೊಸ ವರ್ಷಕ್ಕೆ ಓದಬೇಕಾದ ಒಂದು ಪುಸ್ತಕ ಹೇಳಲು ಫರಂಗೀಸಳಿಗೆ ಹತ್ತು ನಿಮಿಷ ಕೊಡುತ್ತಿದ್ದರು. ಈ ಸಲ ಅವಳು ಶಕೀಬಾಳಿಗೇ ಫೋನ್ ಮಾಡಿ, "ಅಮ್ಮನನ್ನೂ ಕರ್ಕೊಂಡು ಬಾ ಮಗಳೇ. ಮುಂದಿನ ಸಾಲಲ್ಲಿ ಕೂತ್ಕೋಬೇಕು. ನಿನ್ನ ಹೆಸರು ನಮ್ಮೋರೆಲ್ಲರ ಎದುರು ಹೇಳ್ತೀನಿ," ಎಂದು ಮಾತು ಕೊಟ್ಟಳು. ಆ ಕಡೆಯಿಂದ ಹುಡುಗಿ, "ಅವರು ಒಪ್ತಾರಾ ಖಾನಮ್?" ಅಂದಳು.

"ಒಪ್ಪದೆ ಏನು? ಸಂಘ ಅವರಪ್ಪನ ಮನೇದಾ?"

ಹಬ್ಬದ ಸಂಜೆಯ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ವರ್ಷಕ್ಕೆ ಹುಬ್ಬು ಬೆಳೆಸಿಕೊಂಡು ಯಾರು ಹೋಗುತ್ತಾರೆ? ಮಧ್ಯಾಹ್ನ ಕಳೆದ ಮೇಲೆ ಮಹೀನಳ ಸರದಿ ಬಂತು. ಬಲಗಡೆಯ ಹುಬ್ಬು ಮುಗಿದು ಎಡಗಡೆಗೆ ತಿರುಗುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಕೈ ತುಂಬ ದಾರ. ಕಾಯುತ್ತಿದ್ದವರಲ್ಲಿ ಯಾರೋ ಸ್ಪೀಕರ್ ಹಾಕಿ ಕಪಾಟಿನ ಮೇಲಿಟ್ಟರು.

"ಫರಂಗೀಸ್ ಖಾನಮ್, ನಿಮ್ಮ ಕಾಲಿನ ಧೂಳು ನಾನು," ಎಂದಿತು ಇಂಜಿನಿಯರ್ ಇರಜರ ದನಿ. ಈ ಮಹಾಶಯರು ಧೂಳಾದಾಗಲೆಲ್ಲ ಯಾರಿಗೋ ಏಟು ಕಾದಿರುತ್ತದೆ ಎಂದು ಫರಂಗೀಸಳಿಗೆ ಗೊತ್ತಿತ್ತು. ಮಹೀನ್ ಚರ್ಮ ಎಳೆದು ಹಿಡಿದಂತೆಯೇ ಕಣ್ಣು ಬಿಟ್ಟಳು.

"ಹೇಳಿ ಇಂಜಿನಿಯರ್ ಸಾಹೇಬ್ರೇ."

"ಆ ಪುಸ್ತಕದ ವಿಷಯ... ಹಬ್ಬದ ದಿನ ಅದು ಬೇಡ ಅಂತ ಸಮಿತಿಯವರು ಅಂತಿದಾರೆ. ನಮ್ಮೋರು ಯಾರಾದ್ರೂ ಬರೆದಿದ್ದು ಹೇಳಿ. ನಿಮ್ಮದೇ ಹೇಳಿ ಬೇಕಾದ್ರೆ!"

"ಅವಳು ಯಾರೋರು?"

"ಅಫ್ಘಾನಿ ಅಲ್ವೇ?"

"ಹುಟ್ಟಿದ್ದು ಮಶ್ಹದ್‌ನಲ್ಲಿ. ಬರೆದಿದ್ದು ಪಾರ್ಸಿಲಿ. ನಿಮ್ಮ ಪಾರ್ಸಿಗಿಂತ ಚೆನ್ನಾಗಿ."

"ಕೋಪ ಮಾಡ್ಕೋಬೇಡಿ ಖಾನಮ್. ನಮ್ಮನ್ನ ಬೈದಿದಾಳಂತಲ್ಲ ಅದರಲ್ಲಿ."

"ಓದಿದೀರಾ?"

"ನಮಗೆಲ್ಲಿ ಪುರುಸೊತ್ತು! ನೋಡಿ, ನಿಮಗೆ ಕಷ್ಟ ಆದ್ರೆ ಆ ಹತ್ತು ನಿಮಿಷ ಕವಿತೆ ಓದೋರಿಗೆ ಕೊಟ್ಬಿಡ್ತೀವಿ. ನಿಮ್ಮ ಕೈಗೆ ನೋವಾಗದಿರಲಿ." ಧನ್ಯವಾದದ ಈ ಉಪಚಾರದ ಮಾತಿನೊಂದಿಗೆ ಫೋನ್ ಕಟ್ಟಾಯಿತು.

ಕಾಯುತ್ತಿದ್ದ ಹೆಂಗಸರೆಲ್ಲ ಇದ್ದಕ್ಕಿದ್ದಂತೆ ತಮ್ಮ ತಮ್ಮ ಉಗುರು ನೋಡಿಕೊಳ್ಳತೊಡಗಿದರು. ಥೂ! ಆ ಪುಸ್ತಕ ಓದಿ ಅತ್ತವರೇ ಎಲ್ಲರೂ. ಫರಂಗೀಸಳಿಗೆ ಫೋನಿನವನಿಗಿಂತ ಇವರ ಮೇಲೆಯೇ ಮೈಯೆಲ್ಲ ಉರಿಯಿತು.

"ಇದೇ ಕುರ್ಚಿಲಿ ಕೂತು ಅತ್ಯಲ್ಲೇ ಮಹೀನ್! ನಿನ್ನ ಗಂಡನ ಹತ್ರ ಒಂದು ಮಾತು ಹೇಳೋಕೆ ಆಗ್ಲಿಲ್ವಾ? ಅಳು ನನ್ನ ಅಂಗಡಿಗೆ, ಬಾಯಿ ಮುಚ್ಕೊಳೋದು ಹೊರಗಡೆಗೆ, ಅಲ್ವಾ? ಆ ಹುಡುಗಿ ಅಮ್ಮನ್ನ ಕರ್ಕೊಂಡು ರೈಲು ಹತ್ತಿರ್ತಾಳೆ ಈಗ. ಏನಂತ ಹೇಳ್ಲಿ ನಾನು? ಬಾಗಿಲಿಂದ ಹೊರಗೆ ನಿಂತ್ಕೊಂಡೇ ಕೇಳಿ, ನಿಮಗೆ ಅಭ್ಯಾಸ ಇದೆಯಲ್ಲ ಅನ್ಲಾ?"

ಮಹೀನ್ ಹಣೆ ಹಿಡಿದಿದ್ದ ಕೈ ಹಾಗೇ ಇತ್ತು.

ಫರಂಗೀಸ್ ದಾರ ಕೆಳಗಿಟ್ಟಳು. "ಸ್ವಲ್ಪ ತಡಿ. ಈ ಸಿಟ್ಟಲ್ಲಿ ದಾರ ಹಿಡಿದ್ರೆ ಚರ್ಮ ಕುಯ್ದುಬಿಡ್ತೀನಿ."

"ಆ ಲೋಟ ಬರುತ್ತಲ್ಲ," ಎಂದಳು ಮಹೀನ್, ಚಾವಣಿ ನೋಡುತ್ತಾ. "ಪುಸ್ತಕದಲ್ಲಿ. ನಾನೂ ಮಶ್ಹದ್‌ನೋಳೇ, ಫರಂಗೀಸ್." ಎದ್ದಳು. ಕತ್ತಿನ ಬಟ್ಟೆ ತೆಗೆದು ಮಡಿಸಿಟ್ಟಳು. ಕೋಟು ಹಾಕಿಕೊಂಡಳು.

"ಎಲ್ಲಿಗೇ? ಒಂದು ಹುಬ್ಬು ಹಾಗೇ ಇದೆ! ನನ್ನ ಕುರ್ಚಿಯಿಂದ ಯಾರೂ ಅರ್ಧ ಮುಖ ಇಟ್ಕೊಂಡು ಎದ್ದಿಲ್ಲ ಕಣೆ!"

"ಇರ್ಲಿ ಬಿಡು," ಎಂದು ಮಹೀನ್ ಕೆಸರು ಹಿಮದ ಬೀದಿಗೆ ಇಳಿದು ಹೋದಳು.

ಸಂಜೆ ಸಭಾಂಗಣದಲ್ಲಿ ಶಕೀಬಾ ಮತ್ತು ಅವಳ ತಾಯಿ ಮುಂದಿನ ಸಾಲಿನಲ್ಲಿ ಕೂತಿದ್ದರು. ತಾಯಿ ಹೊಸ ಹಸಿರು ಸ್ಕಾರ್ಫ್ ಕಟ್ಟಿ, ತೊಡೆಯ ಮೇಲೆ ಸಿಹಿಯ ಡಬ್ಬಿ ಹಿಡಿದಿದ್ದಳು. ಯಾರಿಗೆ ಕೊಡಬೇಕೆಂದು ಗೊತ್ತಾಗದೆ ಬಂದಾಗಿನಿಂದ ಹಾಗೇ ಹಿಡಿದಿದ್ದಳು. ಅವರ ಎರಡೂ ಪಕ್ಕದ ಕುರ್ಚಿಗಳು ಖಾಲಿ. ಫರಂಗೀಸ್ ಧಡಾರನೆ ಒಂದರಲ್ಲಿ ಕೂತಳು. ಹತ್ತು ನಿಮಿಷ ಕಿತ್ತುಕೊಂಡ ವಿಷಯವನ್ನು ಅವರಿಗಿನ್ನೂ ಹೇಳಿರಲಿಲ್ಲ. ಪುಸ್ತಕವನ್ನು ಎದೆಗೊತ್ತಿಕೊಂಡು ಹಲ್ಲು ಕಚ್ಚಿ ಕೂತಳು.

ವೇದಿಕೆಯ ಮೇಲೆ ಹಬ್ಬದ ಪದ್ಧತಿಯಂತೆ ಗೋಧಿ ಮೊಳಕೆ, ಕನ್ನಡಿ, ಬಣ್ಣದ ಮೊಟ್ಟೆ ಎಲ್ಲ ಚೆಂದ ಜೋಡಿಸಿದ್ದರು. ಇಂಜಿನಿಯರ್ ಇರಜ್ ಮೈಕಿನ ಮುಂದೆ ನಿಂತು, ನಾವು ಎಲ್ಲರನ್ನೂ ಅಪ್ಪಿಕೊಳ್ಳುವ ಜನ ಎಂದು ಭಾಷಣ ಬಿಗಿದರು. ಚಪ್ಪಾಳೆ ಬಿತ್ತು. "ಈಗ ಹತ್ತು ನಿಮಿಷ ಕವಿತೆ" ಎಂದು ಘೋಷಿಸುವಷ್ಟರಲ್ಲಿ ಮಹೀನ್ ಮೆಟ್ಟಿಲು ಹತ್ತಿ ಬಂದಳು. ರೇಷ್ಮೆಯ ಉಡುಪು, ಮುತ್ತಿನ ಸರ, ಬಲಗಡೆ ಬಾಗಿದ ತೆಳುಹುಬ್ಬು, ಎಡಗಡೆ ಕಂಬಳಿಹುಳದಂಥ ದಪ್ಪ ಹುಬ್ಬು. ಸಭೆಯಲ್ಲಿ ಒಬ್ಬರು ಕಿಸಕ್ಕೆಂದರು, ಆಮೇಲೆ ಹತ್ತಾರು ಜನ.

"ಏನಿದು ಮಹೀನ್, ಕೆಳಗಿಳಿ," ಎಂದರು ಇರಜ್ ಮೆಲ್ಲಗೆ. ಮೈಕಿನಲ್ಲಿ ಅದೂ ಕೇಳಿಸಿತು.

"ನಗಿ, ಚೆನ್ನಾಗಿ ನಗಿ," ಅಂದಳು ಮಹೀನ್. "ಫರಂಗೀಸ್ ಕೈಯಲ್ಲಿದ್ದೆ. ಅರ್ಧ ಆಗಿತ್ತು. ಆಗ ಇವರ ಫೋನ್ ಬಂತು. ಈ ಸಂಜೆ ಒಂದು ಪುಸ್ತಕದ ಹೆಸರು ಹೇಳ್ಬಾರ್ದಂತೆ. ಬರೆದೋಳು ನಮ್ಮೋಳಲ್ವಂತೆ. ಆ ಪುಸ್ತಕ ಓದಿ ಅತ್ತೋರು ಈ ಸಭೇಲಿ ಎಷ್ಟು ಜನ ಇದೀರಿ ಅಂತ ನಂಗೆ ಗೊತ್ತು. ಹೆಸರು ಹಿಡಿದು ಹೇಳ್ಲಾ?"

ನಗು ನಿಂತಿತು.

"ಅದರಲ್ಲಿ ಒಂದು ಲೋಟ ಬರುತ್ತೆ. ನೆಲ ಒರೆಸೋಕೆ ಬರ್ತಿದ್ದ ಅಫ್ಘಾನಿ ಹೆಂಗಸಿಗೆ ಚಹಾ ಕೊಡೋಕೆ ಅಂತ ಬೇರೆ ಇಟ್ಟಿರೋ ಲೋಟ. ನಮ್ಮನೇಲೂ ಇತ್ತು. ಇವರಮ್ಮನ ಮನೇಲೂ ಇತ್ತು," ಎಂದು ಗಂಡನ ಕಡೆ ಕೈ ತೋರಿಸಿದಳು. "ಅವಳು ಬೈದಿಲ್ಲ. ಇದ್ದದ್ದು ಬರೆದಿದಾಳೆ. ಬೈಸ್ಕೊಳೋ ಕೆಲಸ ಮಾಡಿದ್ದು ನಾವು."

ಇರಜ್ ಮೈಕಿಗೆ ಕೈ ಹಾಕಿದರು. ಮಹೀನ್ ಬಿಡಲಿಲ್ಲ. ಗಂಡ ಹೆಂಡತಿ ನಾಲ್ಕು ಜನರ ಎದುರು ಮೈಕು ಎಳೆದಾಡುತ್ತಿದ್ದಾಗ, ಮುಂದಿನ ಸಾಲಿನಿಂದ ಶಕೀಬಾಳ ತಾಯಿಯ ದನಿ ಕೇಳಿತು. ಪಿಸುಗುಟ್ಟಿ ಅಭ್ಯಾಸವಿಲ್ಲದ ದನಿ ಅದು. ಅಕ್ಷರ ಕಲಿಯದ ಅವಳಿಗೆ ಮಗಳ ಪುಸ್ತಕದಲ್ಲಿ ಏನಿದೆಯೆಂದು ಈವರೆಗೆ ಗೊತ್ತಿರಲಿಲ್ಲ.

"ಲೋಟದ ವಿಷಯಾನೂ ಬರ್ದಿದೀಯೇನೇ?"

"ಹೂಂ ಅಮ್ಮ."

"ಅದರ ಬಾಯಿ ಚಕ್ಕೆ ಎದ್ದಿತ್ತಲ್ಲ, ತುಟಿ ಕುಯ್ತಿತ್ತಲ್ಲ? ಅದು?"

"ಅದೂ ಇದೆ."

ಇರಜರ ಕೈ ಮೈಕಿನಿಂದ ಜಾರಿತು. ಫರಂಗೀಸ್ ಯಾರ ಅಪ್ಪಣೆಗೂ ಕಾಯದೆ ಎದ್ದು ವೇದಿಕೆ ಹತ್ತಿದಳು. ಮೊದಲು ಪುಸ್ತಕದ ಹೆಸರು ಹೇಳಿದಳು. ಆಮೇಲೆ ಶಕೀಬಾಳ ಹೆಸರನ್ನು ಅವಳ ತಂದೆಯ ಹೆಸರಿನ ಸಮೇತ, ಗಟ್ಟಿಯಾಗಿ, ಎರಡು ಸಲ ಹೇಳಿದಳು. ಲೋಟದ ಪುಟ ತೆರೆದು ಓದಿದಳು. ಹತ್ತು ನಿಮಿಷ ಕಳೆದು ಎಷ್ಟೋ ಹೊತ್ತಾಗಿತ್ತು, ಯಾರೂ ಗಡಿಯಾರ ನೋಡಲಿಲ್ಲ. ಕೆಲವರು ಎದ್ದು ಹೊರಗೆ ಹೋದರು, ಅದನ್ನೂ ಹೇಳಬೇಕು.

ಓದಿ ಮುಗಿಸಿದಾಗ ತಾಯಿ ಡಬ್ಬಿಯ ಮುಚ್ಚಳ ತೆಗೆದು, ಮೊದಲ ಸಿಹಿಯನ್ನು ಮಗಳ ಬಾಯಿಗಿಟ್ಟಳು.

"ಸರಿಯಾಗೇ ಬರ್ದಿದೀಯ," ಅಂದಳು. "ಸ್ವಲ್ಪ ಕಮ್ಮಿನೇ ಬರ್ದಿದೀಯ."