ಬೋರಲಜ್ಜನ ಸೊಸೆ

ಬಾರಿಗೆ ಬೀಗ ಬಿದ್ದ ದಿನ ನಮ್ಮ ಬೀದಿಯ ಹೆಂಗಸರು ನಿಂತು ಚಪ್ಪಾಳೆ ತಟ್ಟಿದರು. ನನ್ನ ಟೈಲರ್ ಅಂಗಡಿ ಅದರ ಎದುರಿಗೇ ಇದೆ. ಹೊಲಿಗೆ ಮೆಷಿನ್ನಿನ ಮುಂದೆ ಕೂತಲ್ಲಿಂದಲೇ ಆ ಬಾರಿನ ಮೂವರು ಯಜಮಾನರನ್ನೂ ಕಂಡವನು ನಾನು. ಮೂರನೆಯವಳು ಬೀದಿಯವರೆಲ್ಲ ಅಕ್ಕ ಅಂತ ಕರೆಯುವವಳು. ಅವತ್ತು ಅವಳು ಮಹಡಿಯ ಕಿಟಕಿಯಲ್ಲಿ ನಿಂತು ಆ ಚಪ್ಪಾಳೆ ಕೇಳಿಸಿಕೊಂಡಳು. ನನಗಂತೂ ಮೈಯೆಲ್ಲ ಉರಿದುಹೋಯಿತು.

ಮೊದಲನೆಯವರು ಅಕ್ಕನ ಮಾವ. ಬೀದಿಗೆಲ್ಲ ಅವರು ಬೋರಲಜ್ಜ. ಬಾರು ತೆರೆದಾಗಲೇ ಅವರೊಂದು ಕಟ್ಟಳೆ ಮಾಡಿದ್ದರು. ಖಾಯಂ ಗಿರಾಕಿಗಳಿಗೆಲ್ಲ ಅಲ್ಲಿ ಅವರವರದೇ ಲೋಟ. ಯಾರ ಹೆಂಡತಿಯಾದರೂ ಮುಂಬಾಗಿಲ ಹೊಸ್ತಿಲಿಗೆ ಬಂದು, ನನ್ನ ಗಂಡನಿಗೆ ಇನ್ನು ಕೊಡಬೇಡಿ ಅಂದರೆ ಸಾಕು, ಅಜ್ಜ ಅವನ ಲೋಟವನ್ನು ಎಲ್ಲರೆದುರಿಗೆ ಬೋರಲು ಹಾಕಿಬಿಡುವರು. ಅವಳೇ ಮತ್ತೆ ಬಂದು ಹೂಂ ಅನ್ನುವ ತನಕ ಅವನಿಗೆ ಅಲ್ಲಿ ನೀರು ಮಾತ್ರ. ಹೇಳಿ ಕಳಿಸಿದರೆ ನಡೆಯದು, ಹಿಂಬಾಗಿಲಲ್ಲಿ ಪಿಸುಗುಟ್ಟಿದರೂ ನಡೆಯದು, ಹೊಸ್ತಿಲಿಗೇ ಬರಬೇಕು. ಅಜ್ಜನೇನೂ ಸಾಧುಸಂತರಲ್ಲ, ಊರಿಗೆ ಕುಡಿಸಿಯೇ ಮೇಲೆ ಮಹಡಿ ಎಬ್ಬಿಸಿದವರು. ಆದರೂ ಬೋರಲು ಬಿದ್ದ ಲೋಟವನ್ನು ದುಡ್ಡಿನ ಆಸೆಗೆ ಎತ್ತಿದ್ದನ್ನು ನಾನು ಕಂಡಿಲ್ಲ.

ಸೊಸೆಯಾಗಿ ಬಂದ ಅಕ್ಕನಿಗೆ ಸಿಕ್ಕಿದ್ದು ಹಿಂದಿನ ಅಡುಗೆಮನೆ. ಮೊಟ್ಟೆ ಬೇಯಿಸುವುದು, ಕಡಲೆಕಾಯಿ ಹುರಿಯುವುದು, ಲೋಟ ತೊಳೆಯುವುದು. ತೊಳೆಯುತ್ತಲೇ ಬೀದಿಯ ಗಂಡಸರ ಜಾತಕವೆಲ್ಲ ಅವಳಿಗೆ ಬಾಯಿಪಾಠವಾಯಿತು. ಅಜ್ಜ ಹಾಸಿಗೆ ಹಿಡಿದಾಗ ಗಲ್ಲಾದ ಮೇಲೆ ಕೂತದ್ದು ಮಾತ್ರ ಅವಳಲ್ಲ, ಅವಳ ಗಂಡ. ಅವನು ಕೂತವನೇ ಅಪ್ಪನ ಕಟ್ಟಳೆಯನ್ನು ಗಾಳಿಗೆ ತೂರಿದ. ವ್ಯಾಪಾರಕ್ಕೆ ಕೂತಿದ್ದೇನೆ, ಊರವರ ಸಂಸಾರ ರಿಪೇರಿಗಲ್ಲ ಅಂತ ಮೀಸೆ ತಿರುವಿದ. ಬಾರು ತುಂಬಿ ತುಳುಕಿತು. ಆದರೆ ಅಲ್ಲಿಯ ಎಲ್ಲರಿಗಿಂತ ನಿಯತ್ತಿನ ಗಿರಾಕಿ ಅವನೇ ಆದ.

ಮನೆಯೊಳಗೆ ಅಕ್ಕ ಅತ್ತಳು, ಜಗಳವಾಡಿದಳು, ಮಾತು ಬಿಟ್ಟಳು. ಯಾವುದೂ ನಾಟಲಿಲ್ಲ. ಒಂದು ಸಂಜೆ ಕೈ ಒರೆಸಿಕೊಂಡು ಹಿಂಬಾಗಿಲಿಂದ ಹೊರಟು, ಇಡೀ ಬೀದಿ ಸುತ್ತು ಹಾಕಿ, ಮುಂಬಾಗಿಲ ಹೊಸ್ತಿಲಿಗೆ ಬಂದು ನಿಂತಳು. ನನ್ನ ಕಾಲು ಪೆಡಲಿನ ಮೇಲೇ ನಿಂತುಹೋಯಿತು.

"ನನ್ನ ಗಂಡನಿಗೆ ಇನ್ನು ಕೊಡಬೇಡಿ" ಅಂದಳು.

ಯಾರಿಗೆ ಹೇಳಬೇಕು? ಯಜಮಾನನೂ ಅವನೇ, ಗಂಡನೂ ಅವನೇ. ಅಜ್ಜನ ಕಾಲದ ಮುದಿ ಸಪ್ಲೈಯರ್ ಲೋಟದತ್ತ ಕೈ ಚಾಚಿದ, ಗಂಡ ಕಣ್ಣು ಕೆಕ್ಕರಿಸಿದ, ಕೈ ಹಿಂದಕ್ಕೆ ಹೋಯಿತು. ಯಾವನೋ ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಬಾರೇ ನಕ್ಕಿತು. ಅಕ್ಕ ಬಂದ ದಾರಿಯಲ್ಲೇ ಬೀದಿ ಸುತ್ತಿಕೊಂಡು ಅಡುಗೆಮನೆಗೆ ಹೋದಳು. ಅವನು ಬಹಳ ದಿನ ಬಾಳಲಿಲ್ಲ, ಹೊಟ್ಟೆ ಊದಿಕೊಂಡು ಸತ್ತ.

ಮಾರಿ ಕೈತೊಳೆದುಕೋ ಅಂತ ನೆಂಟರೆಲ್ಲ ಉಪದೇಶ ಮಾಡಿದರು. ಅವಳು ಚಪ್ಪಲಿ ಸವೆಯುವಷ್ಟು ಅಲೆದು ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು. ಗಂಡನನ್ನು ತಿಂದ ವ್ಯಾಪಾರ ಯಾಕಕ್ಕ ಅಂತ ನಾನೂ ಕೇಳಿದೆ.

"ನಾನು ಮುಚ್ಚಿದ್ರೆ ಇವರು ಕುಡಿಯೋದು ಬಿಡ್ತಾರಾ? ಸಾಕು ಅಂತ ಬಂದು ಹೇಳೋಕೆ ಆ ಹೆಂಗಸರಿಗೆ ಒಂದು ಜಾಗನಾದ್ರೂ ಇರ್ಲಿ. ನನಗಿರ್ಲಿಲ್ಲ" ಅಂದಳು.

ಹಾಗೆ ಕಟ್ಟಳೆ ಮತ್ತೆ ಬಂತು. ಮೊದಲು ಹೊಸ್ತಿಲಿಗೆ ಬಂದವಳು ನಮ್ಮ ಬೀದಿಯ ಇಸ್ತ್ರಿಯವಳು. ಅವಳ ಗಂಡ ಲಾರಿ ಡ್ರೈವರ್. ಅಕ್ಕ ಅವನ ಮುಖ ನೋಡುತ್ತಲೇ ಲೋಟ ಬೋರಲು ಹಾಕಿದಳು. ಆಮೇಲೆ ಒಬ್ಬೊಬ್ಬಳಾಗಿ ಬಂದರು. ಗಂಡಸರಿಗೆ ಹೆಣ್ಣಿನ ಕೈಲಿ ಹೀಗೆ ಮಾಡಿಸಿಕೊಳ್ಳುವುದು ಗಂಟಲಲ್ಲಿ ಇಳಿಯಲಿಲ್ಲ. ದೊಡ್ಡ ರಸ್ತೆಯಲ್ಲಿ ಹೊಸದೊಂದು ಬಾರು ಎದ್ದಿತ್ತು, ಕಪ್ಪು ಗಾಜು, ಬಾಗಿಲಲ್ಲಿ ಕಾವಲುಗಾರ, ಒಳಗೆ ಯಾರು ಏನು ಅಂತ ಕೇಳುವವರಿಲ್ಲ. ಎಲ್ಲರೂ ಸದ್ದಿಲ್ಲದೆ ಅಲ್ಲಿಗೆ ಜಾರಿದರು.

ಜಾರಿದರೆ ಜಾರಲಿ. ತೂರಾಡಿಕೊಂಡು ಮನೆಗೆ ಬಂದಾಗ ಎಲ್ಲಿ ಕುಡಿದೆ ಅಂದರೆ ಇವರು ಹೇಳಿದ್ದೇನು? ಅಕ್ಕನ ಹತ್ತಿರ ಅಂತ. ದೊಡ್ಡ ರಸ್ತೆಯ ಹೆಸರೆತ್ತಿದರೆ ಅಲ್ಲಿ ಸುರಿದ ದುಡ್ಡಿನ ಮಾತು ಬರುತ್ತದಲ್ಲ, ಅದಕ್ಕೆ. ನೀನು ಹೋದ ಮೇಲೆ ಅವಳೇ ಕರೆದು ಕೊಡ್ತಾಳೆ ಅಂದರು. ಹೆಂಗಸರು ನಂಬಿದರು! ಎದುರಿಗೆ ಬೋರಲು ಹಾಕಿ ಹಿಂದಿನಿಂದ ಕುಡಿಸುವ ಮನೆಹಾಳಿ ಅಂದುಕೊಂಡರು. ಇಸ್ತ್ರಿಯವಳು ಹೊಸ್ತಿಲಲ್ಲೇ ನಿಂತು ಬಾಯಿಗೆ ಬಂದಂತೆ ಬೈದಳು. ನಾನು ಕೊಟ್ಟಿಲ್ಲ ಅಂತ ಅಕ್ಕ ಒಂದೇ ಮಾತು ಹೇಳಿ ಸುಮ್ಮನಾದಳು. ನನ್ನ ಮಾತಿಗಿಂತ ಕುಡುಕರ ಮಾತು ಹೆಚ್ಚಾದರೆ ಆಗಲಿ ಅಂತ ಅವಳಿಗೆ ಬಿಗುಮಾನ. ಆ ಬಿಗುಮಾನವೇ ಮುಳುವಾಯಿತು.

ಹೆಂಗಸರು ಸೇರಿ ಬಾರು ಮುಚ್ಚಿಸಲು ಅರ್ಜಿ ಕೊಟ್ಟರು. ಸಹಿಗೆ ನನ್ನ ಹತ್ತಿರವೂ ಬಂದಿದ್ದರು. ನಾನು ಹಾಕಲಿಲ್ಲ, ನಿಜ ಏನೆಂದೂ ಹೇಳಿದೆ. ಟೈಲರ್‌ಗೂ ಅಲ್ಲಿ ಪುಕ್ಕಟೆ ಸಿಗುತ್ತಿರಬೇಕು ಅಂತ ಮೂಗು ಮುರಿದು ಹೋದರು. ವಿಚಾರಣೆಗೆ ಅಬಕಾರಿ ಅಧಿಕಾರಿ ಬಾರಿಗೇ ಬಂದ. ಬೀದಿಯವರೆಲ್ಲ ಸೇರಿದ್ದರು. ನನ್ನ ಮಾತನ್ನು ಯಾರೂ ನಂಬುತ್ತಿರಲಿಲ್ಲ, ಆ ಕುಡುಕರಲ್ಲಿ ಯಾವನಾದರೂ ಒಬ್ಬ ನಿಜ ಬಾಯಿಬಿಟ್ಟಿದ್ದರೆ ಅಕ್ಕನ ಬದುಕು ಉಳಿಯುತ್ತಿತ್ತು. ಅಧಿಕಾರಿ ಡ್ರೈವರನ್ನೇ ಮುಂದಕ್ಕೆ ಕರೆದು, ಹೆಂಡತಿ ಬೇಡವೆಂದ ಮೇಲೂ ನಿನಗೆ ಕೊಟ್ಟವರು ಯಾರು ಅಂತ ಕೇಳಿದ. ಪಕ್ಕದಲ್ಲೇ ಇಸ್ತ್ರಿಯವಳು ನಿಂತಿದ್ದಳು. ಡ್ರೈವರ್ ಅಕ್ಕನ ಕಡೆ ನೋಡಲಿಲ್ಲ, ತನ್ನ ಚಪ್ಪಲಿ ನೋಡಿಕೊಂಡ.

"ಅಕ್ಕನೇ ಕೊಟ್ಟಿದ್ದು" ಅಂದ.

ಥೂ. ಹಿಂದೆ ನಿಂತಿದ್ದ ಗಂಡಸರೆಲ್ಲ ಹೌದು ಹೌದು ಅಂತ ತಲೆಯಾಡಿಸಿದರು. ಅಕ್ಕ ಬೀಗದ ಕೈ ತೆಗೆದು ಕೌಂಟರಿನ ಮೇಲಿಟ್ಟಳು.

ಬಾರು ಮುಚ್ಚಿತು, ಚಪ್ಪಾಳೆಯೂ ಮುಗಿಯಿತು. ಗಂಡಸರು ಮಾತ್ರ ಮುಂಚಿನಂತೆಯೇ ತೂರಾಡಿಕೊಂಡು ಬರುತ್ತಿದ್ದರು. ಈಗ ಹೇಳಿಕೊಳ್ಳಲು ಅಕ್ಕನ ಹೆಸರು ಇರಲಿಲ್ಲ. ಒಂದು ಮಧ್ಯಾಹ್ನ ಅಕ್ಕ ಹಳೆಯ ಪರದೆಗಳನ್ನು ಚೀಲ ಹೊಲಿಸಲು ನನ್ನ ಅಂಗಡಿಗೆ ತಂದಿದ್ದಾಗ ಇಸ್ತ್ರಿಯವಳು ಬಂದಳು. ಕೆನ್ನೆ ಬಾತಿತ್ತು. ತಪ್ಪಾಯಿತು ಅಂತ ಅತ್ತಳು. ಆಮೇಲೆ ಅಕ್ಕನ ಕೈ ಹಿಡಿದುಕೊಂಡಳು.

"ನನ್ನ ಜೊತೆ ದೊಡ್ಡ ರಸ್ತೆಗೆ ಬನ್ನಿ ಅಕ್ಕ. ಅವರಿಗೆ ನೀವೇ ಒಂದು ಮಾತು ಹೇಳಿ, ಇವನಿಗೆ ಕೊಡಬೇಡಿ ಅಂತ."

ಅಕ್ಕ ಕೈ ಬಿಡಿಸಿಕೊಂಡಳು. ಸಿಟ್ಟು ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಯಾರಿಗೆ ಹೇಳ್ಲಿ? ನಿನ್ನ ಗಂಡ ಯಾರು ಅಂತಾನೇ ಅವರಿಗೆ ಗೊತ್ತಿಲ್ಲ ಕಣೇ."