ತಾಳ ತಪ್ಪಿದ ಹಾಡು

ನಾನೂ ಅಕ್ಕನೂ ಮದುವೆ ಮನೆಗಳಲ್ಲಿ ಹಾಡುತ್ತಿದ್ದ ಕಾಲದಲ್ಲಿ ನಮ್ಮ ಪಕ್ಕ ಕೂತು ನುಡಿಸುವವರು ಯಾರೂ ಇರಲಿಲ್ಲ. ಇದ್ದದ್ದು ಭಾವ ಬೊಂಬಾಯಿಯಿಂದ ತಂದಿದ್ದ ಒಂದು ಟೇಪ್ ರೆಕಾರ್ಡರ್. ಎಂಬತ್ತರ ದಶಕದ ಶುರು ಅದು. ಜನ ಮೊದಲು ಟೇಪನ್ನು ನೋಡಿ, ಆಮೇಲೆ ನಮ್ಮನ್ನು ನೋಡುತ್ತಿದ್ದರು.

ಸಾಗರದಲ್ಲಿ ನಮಗೆ ಹಾಡು ಕಲಿಸಿದ ಮೇಷ್ಟ್ರು ತಬಲಾ ನುಡಿಸುತ್ತಿದ್ದರು, ಅವರ ಹೆಂಡತಿ ಹಾರ್ಮೋನಿಯಂ. ಅವರಿಬ್ಬರೂ ನಮ್ಮ ಜೊತೆ ಬಂದಿದ್ದರೆ ಟೇಪಿನ ಹಂಗೇ ಬೇಕಿರಲಿಲ್ಲ. ಆದರೆ ಮೇಷ್ಟ್ರಿಗೆ ಬಸ್ಸು ಆಗಿಬರುತ್ತಿರಲಿಲ್ಲ. ನಿಂತ ಬಸ್ಸಿನ ಡೀಸೆಲ್ ವಾಸನೆಗೇ ಅವರಿಗೆ ಹೊಟ್ಟೆ ತೊಳೆಸುತ್ತಿತ್ತು. ಇನ್ನು ಹೊಸನಗರದ ದಾರಿಯ ತಿರುವುಗಳನ್ನು ಕೇಳುವುದೇ ಬೇಡ. "ನನ್ ತಬಲಾನ ಆ ಡಬ್ಬದಲ್ಲೇ ತುಂಬ್ಕೊಂಡು ಹೋಗಿ," ಎಂದು ಅವರೇ ಹೇಳಿದರು.

ಒಂದು ಭಾನುವಾರ ಅವರ ನಡುಮನೆಯಲ್ಲಿ ತುಂಬಿಕೊಂಡೆವು. ಟೇಪನ್ನು ಮಣೆಯ ಮೇಲೆ, ತಬಲಾದ ಪಕ್ಕವೇ ಇಟ್ಟೆವು. ನಮ್ಮ ದನಿ ಅದರೊಳಗೆ ಹೋಗಬಾರದು. ಆದರೆ ಯಾರೂ ಹಾಡದಿದ್ದರೆ ಚರಣ ಎಲ್ಲಿ ಮುಗಿಯಿತೆಂದು ನುಡಿಸುವವರಿಗೆ ತಿಳಿಯುವುದಿಲ್ಲ. ಹಾಗಾಗಿ ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ ಸಣ್ಣಗೆ ಹಾಡಿಸಿದರು. ಅಕ್ಕ ಗುಂಡಿ ಒತ್ತಿದಳು. ಐದು ಹಾಡು, ಮಧ್ಯೆ ನಿಲ್ಲಿಸುವ ಹಾಗಿಲ್ಲ. ಎರಡನೇ ಹಾಡಿನ ಕೊನೆಯಲ್ಲಿ ಹಾಲು ಉಕ್ಕಿತೆಂದು ಮೇಷ್ಟ್ರ ಹೆಂಡತಿ ಎದ್ದು ಹೋದರು. ಆಮೇಲೆ ಯಾವ ಊರಲ್ಲಿ ಹಾಡಿದರೂ ಆ ಹಾಡಿನ ಕೊನೆಯ ಎರಡು ಸಾಲಿಗೆ ಹಾರ್ಮೋನಿಯಂ ಇರುತ್ತಿರಲಿಲ್ಲ.

ದೊಡ್ಡ ಅನಾಹುತ ನಡೆದದ್ದು ಮೂರನೆಯದರಲ್ಲಿ. ಅದೊಂದು ದೇವಿಯ ಹಾಡು. ಅದರ ಕೊನೆಯ ಚರಣದಲ್ಲಿ, ಮೊದಲ ಸಾಲಾದ ಮೇಲೆ ನಾಲ್ಕು ಮಾತ್ರೆ ಸುಮ್ಮನಿದ್ದು ಎರಡನೇ ಸಾಲು ಎತ್ತಬೇಕು. ನಾನು ಎತ್ತಿದೆ. ಮೇಷ್ಟ್ರು ತಬಲಾದ ಮೇಲಿನ ಕೈ ನಿಲ್ಲಿಸದೆಯೇ ಗುಡುಗಿದರು: "ತಪ್ತು! ತಾಳ ತಪ್ತು! ಕಿವಿ ಎಲ್ಲಿಟ್ಟಿದೀಯೇ?"

ತಪ್ಪಿರಲಿಲ್ಲ. ಅವತ್ತೂ ಹಾಗೇ ಅಂದುಕೊಂಡೆ. ಸಿಟ್ಟು ನೆತ್ತಿಗೇರಿದರೂ ಅವರೆದುರು ವಾದಿಸುವ ಧೈರ್ಯ ನನಗಿರಲಿಲ್ಲ. ಅಷ್ಟು ವರ್ಷ ಕಲಿಸಿದರಲ್ಲ, ಒಂದು ದಿನವೂ ನನಗೆ "ಸರಿ" ಅಂದವರಲ್ಲ. ಸರಿಯಾಗಿ ಹಾಡಿದರೆ "ಮುಂದೆ" ಅನ್ನುತ್ತಿದ್ದರು, ಅಷ್ಟೇ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಒಂದು "ಸರಿ"ಗಾಗಿ ನಾನು ಬಾಯಿ ಬಾಯಿ ಬಿಡುತ್ತಿದ್ದೆ.

"ಇನ್ನೊಂದ್ಸಲ ಮಾಡಣಾ ಮೇಷ್ಟ್ರೆ?" ಎಂದು ಅಕ್ಕ ಕೇಳಿದಳು.

"ಹೇಳಿದ್ದೇ ಹೇಳಕ್ಕೆ ನಾನೇನು ಗಿಳಿಯಾ?" ಎಂದು ಅವರು ತಬಲಾಕ್ಕೆ ಬಟ್ಟೆ ಮುಚ್ಚಿದರು. ಆ ಕ್ಯಾಸೆಟ್ಟಿನಲ್ಲಿ ಏನೇನಿದೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಮೊದಲ ಸಲ ಅದನ್ನು ಹಾಕಿದ್ದು ಹೊಸನಗರದ ಒಂದು ಮದುವೆಯಲ್ಲಿ, ಊಟದ ಹೊತ್ತಿಗೆ. ಆ ಜಾಗ ಬಂದಾಗ ಅಕ್ಕ ಟೇಪಿನ ಸ್ವರ ತಗ್ಗಿಸಬೇಕೆಂದು ಮಾತಾಗಿತ್ತು. ಅವಳು ಗಾಬರಿಯಲ್ಲಿ ಗುಂಡಿಯನ್ನು ಆ ಕಡೆ ತಿರುಗಿಸುವ ಬದಲು ಈ ಕಡೆ ತಿರುಗಿಸಿದಳು. ಲೌಡ್‌ಸ್ಪೀಕರಿನಲ್ಲಿ ಮೇಷ್ಟ್ರು ಇಡೀ ಊರಿಗೆ ಕೇಳುವ ಹಾಗೆ ಬೈದರು. ಪಾಯಸ ಬಡಿಸುತ್ತಿದ್ದವನು ತನಗೇ ಅಂದರೆಂದು ಸೌಟು ಹಿಡಿದು ನಿಂತುಬಿಟ್ಟ. ಪಂಕ್ತಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ ನನ್ನನ್ನೇ ನೋಡಿ, "ಪಾಪ, ಅಷ್ಟೊಂದೇನು ತಪ್ಪಿರ್ಲಿಲ್ಲ," ಅಂದರು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಜನರಿಗೆ ಮಾತ್ರ ಅದೇ ಹಿಡಿಸಿಬಿಟ್ಟಿತು. ಮುಂದಿನ ಮದುವೆಯವರು ಮನೆಗೆ ಬಂದು, "ಆ ಬೈಯೋ ಹಾಡು ಇರ್ಲೇಬೇಕು," ಎಂದು ಹೇಳಿಹೋದರು. ಒಂದು ಕಡೆ ಅಕ್ಕ ಸರಿಯಾಗಿ ಸ್ವರ ತಗ್ಗಿಸಿದ್ದಕ್ಕೆ, ಹಾಡು ಪೂರ್ತಿ ಹಾಡಲಿಲ್ಲ ಎಂದು ಮನೆಯ ಯಜಮಾನರು ಮುನಿಸಿಕೊಂಡರು. ಹಿನ್ನೀರು ದಾಟಿ ಸಿಗಂದೂರಿಗೆ ಹೋಗುವ ಲಾಂಚಿನಲ್ಲಿ ಯಾರೋ ಹೆಂಗಸು ನನ್ನ ಮುಖ ನೋಡಿ, "ನೀವು ತಾಳ ತಪ್ಪೋರಲ್ವಾ?" ಎಂದು ಅಕ್ಕರೆಯಿಂದ ವಿಚಾರಿಸಿದರು. ಮೂರು ತಾಲ್ಲೂಕಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ, ತಪ್ಪು ಎಲ್ಲರಿಗೂ ಗೊತ್ತಿತ್ತು.

ಹೀಗಿರುವಾಗ ಮೇಷ್ಟ್ರ ಮಗಳಿಗೆ ತೀರ್ಥಹಳ್ಳಿಯ ಗಂಡು ಗೊತ್ತಾಯಿತು. ಮದುವೆಯೂ ಅಲ್ಲಿಯ ಛತ್ರದಲ್ಲೇ. ಮೇಷ್ಟ್ರು ಬಸ್ಸಿನ ಮುಂದಿನ ಸೀಟಿನಲ್ಲಿ ನಿಂಬೆಹಣ್ಣು ಮೂಸುತ್ತ, ಮೂರು ಕಡೆ ಇಳಿದು ಹತ್ತಿ, ಅರೆಜೀವವಾಗಿ ಬಂದು ತಲುಪಿದರು. ಮುಹೂರ್ತವಾದ ಮೇಲೆ ನಮ್ಮ ಹಾಡು. ದೇವಿಯ ಹಾಡೊಂದನ್ನು ಬಿಟ್ಟು ಉಳಿದದ್ದನ್ನು ಹಾಡಿ ಎದ್ದುಬಿಡೋಣವೆಂದು ನಾವು ನಿರ್ಧರಿಸಿದ್ದೆವು. ಆದರೆ ಬೀಗರು ಮುಂದಿನ ಸಾಲಿನಿಂದಲೇ, "ಆ ತಾಳದ ಹಾಡು ಎಲ್ಲಿ?" ಅಂದರು.

"ಹಾಡಿ, ಹಾಡಿ. ಅದು ನಾನೇ ನುಡಿಸಿದ್ದು," ಎಂದು ಪಕ್ಕದಲ್ಲಿದ್ದ ಮೇಷ್ಟ್ರು ಹೆಮ್ಮೆಯಿಂದ ಹೇಳಿ, ತೊಡೆಯ ಮೇಲೆ ತಾಳ ಹಾಕಲು ಶುರುಮಾಡಿದರು.

ಅಕ್ಕನ ಕೈ ಗುಂಡಿಯ ಮೇಲೆಯೇ ಇತ್ತು. ಕೊನೆಯ ಚರಣ ಬರುವಷ್ಟರಲ್ಲಿ ಕರೆಂಟು ಹೋಯಿತು. ಟೇಪಿನ ಹಾರ್ಮೋನಿಯಂ ಕುಂಯ್ ಎಂದು ಕುಸಿದು ನಿಂತಿತು, ಮೈಕೂ ಸತ್ತಿತು. ಇನ್ನೊಂದು ದಿನವಾಗಿದ್ದರೆ ನಾನೂ ನಿಲ್ಲಿಸುತ್ತಿದ್ದೆ. ಆದರೆ ಮೇಷ್ಟ್ರ ಕೈ ತೊಡೆಯ ಮೇಲೆ ನಿಂತಿರಲಿಲ್ಲ. ಅದನ್ನೇ ನೋಡುತ್ತ ಮೊದಲ ಸಾಲು ಹಾಡಿದೆ. ನಾಲ್ಕು ಮಾತ್ರೆ ಸುಮ್ಮನಿದ್ದೆ. ಎರಡನೇ ಸಾಲು ಎತ್ತಿದೆ.

"ತಪ್ತು! ತಾಳ ತಪ್ತು! ಕಿವಿ ಎಲ್ಲಿಟ್ಟಿದೀಯೇ?" ಎಂದು ಇಡೀ ಛತ್ರ ಕೂಗಿತು. ಬೀಗರು ಕೂಗಿದರು, ಪುರೋಹಿತರು ಕೂಗಿದರು, ಅಡುಗೆ ಕೋಣೆಯಿಂದಲೂ ಒಂದು ದನಿ ಬಂತು.

ಮೇಷ್ಟ್ರು ಧಡಕ್ಕನೆ ಎದ್ದು ಜನರ ಕಡೆ ತಿರುಗಿದರು. ಬಸ್ಸಿನ ಸುಸ್ತೆಲ್ಲ ಎಲ್ಲಿ ಹೋಯಿತೋ. "ಯಾರ್ರೀ ಅದು? ಎಂತಕ್ಕೆ ಕೂಗ್ತೀರಿ? ತಪ್ಪಿದ್ದು ನಿಮ್ದು, ಅರ್ಧ ಮಾತ್ರೆ ತಡ ನೀವು. ಅವಳು ಸರಿಯಾಗೇ ಇದಾಳೆ!"

ಆ ಹೊತ್ತಿಗೆ ಸರಿಯಾಗಿ ಕರೆಂಟು ಬಂತು. ನಿಂತಿದ್ದ ಟೇಪು ತಾನೇ ಮುಂದುವರಿಯಿತು. ಅಕ್ಕ ಗುಂಡಿಯನ್ನೇ ಮರೆತು ನನ್ನನ್ನು ನೋಡುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಹಾಡಿದ ನನ್ನ ದನಿ ದೂರದಿಂದ ಸಣ್ಣಗೆ ಬಂತು. ಅದರ ಮೇಲೆ ಮೇಷ್ಟ್ರ ಗುಡುಗು ಲೌಡ್‌ಸ್ಪೀಕರಿನಿಂದ ಮೇಷ್ಟ್ರ ಮುಖಕ್ಕೇ ಬಡಿಯಿತು.

ಅವರು ನಿಂತಲ್ಲೇ ನಿಂತರು. "ಯಾರೇ ಅದು?" ಎಂದು ಹೆಂಡತಿಯನ್ನು ಕೇಳಿದರು.

"ನೀವೇ," ಎಂದು ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಮೇಷ್ಟ್ರು ಸ್ಟೇಜಿನ ಹತ್ತಿರ ಬಂದು, ಟೇಪನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕು ಅಂದರು. ಅಕ್ಕ ಹಾಕಿದಳು. ತಮ್ಮ ಮಗಳ ಮದುವೆಯಲ್ಲಿ, ಬೀಗರೆಲ್ಲರೆದುರು, ತಲೆ ಓರೆ ಮಾಡಿ, ಬೆರಳು ಎಣಿಸುತ್ತ ಕೇಳಿದರು. "ಅವತ್ತೂ ನೀನು ಸರಿಯಾಗೇ ಎತ್ತಿದೀಯಲ್ಲೇ," ಅಂದರು. "ನಂದೇ ಅವಸರ." ಊಟಕ್ಕೆ ಏಳಿ ಎಂದು ಯಾರೋ ಕೂಗಿದ್ದರಿಂದ ನಾನು ಅಳುವುದು ಯಾರಿಗೂ ಕಾಣಲಿಲ್ಲ.

ಸಾಗರಕ್ಕೆ ಮರಳಿದ ಮೇಲೆ ಅವರಾಗಿಯೇ ಹೇಳಿಕಳಿಸಿ ಹೊಸ ಕ್ಯಾಸೆಟ್ ಮಾಡಿಸಿದರು. ಈ ಸಲ ಹಾಲನ್ನು ಮೊದಲೇ ಕಾಯಿಸಿ ಇಳಿಸಿದ್ದರು. ನಾನು ಅದೇ ಬಾಗಿಲಲ್ಲಿ ನಿಂತು, ಅದೇ ಸಾಲು ಎತ್ತಿದೆ. ಮೇಷ್ಟ್ರಿಗೆ ತಡೆಯಲಾಗಲಿಲ್ಲ, ಕೈ ನಿಲ್ಲಿಸದೆಯೇ "ಹಾಂ, ಸರಿ!" ಎಂದು ಕೂಗಿಬಿಟ್ಟರು. ಅದೂ ಟೇಪಿನೊಳಗೆ ಹೋಯಿತು.

ಆ ಕ್ಯಾಸೆಟ್ಟನ್ನು ಹೊಸನಗರದಲ್ಲಿ ಒಮ್ಮೆ ಹಾಕಿದೆವು. ಜನ ಮುಖ ಕಿವುಚಿದರು. ಹಳೆಯದೇ ಚೆನ್ನಾಗಿತ್ತು, ಅದನ್ನೇ ಹಾಕಿ ಅಂದರು. ಹಾಗಾಗಿ ನಾವು ಹಾಡುವುದನ್ನು ಬಿಡುವವರೆಗೂ ನಾನು ಎಲ್ಲ ಊರಲ್ಲೂ ತಾಳ ತಪ್ಪುತ್ತಲೇ ಇದ್ದೆ. ಹೊಸ ಕ್ಯಾಸೆಟ್ ಮಾತ್ರ ನನ್ನ ಸೀರೆಯ ಟ್ರಂಕಿನಲ್ಲಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ಹಾಕಿ, ನಾಲ್ಕು ಮಾತ್ರೆ ಸುಮ್ಮನಿದ್ದು, ಆ ಸಾಲು ಎತ್ತುತ್ತಿದ್ದೆ.